ಈಸೋಪ ನಿಜವಾಗಿ ಇದ್ದನೇ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಈಸೋಪನ ಜೀವನದ ಬಗ್ಗೆ ಎರಡು ಪುಟ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರೆ. ನಾವು ನೋಡಿದ ಒಂದು ಪುಸ್ತಕದಲ್ಲಿ ಆತ ಗೂನುಬೆನ್ನಿನ ಗ್ರೀಕ್ ಗುಲಾಮ, ಮೂಗನಾಗಿದ್ದವನಿಗೆ ದೇವತೆಯ ವರದಿಂದ ಮಾತು ಬಂತು ಅಂತಿದೆ. ಇನ್ನೊಂದರಲ್ಲಿ ಆತ ಇಥಿಯೋಪಿಯಾದವನು. ಮತ್ತೊಂದು ಕಡೆ ಅಂಥ ಮನುಷ್ಯನೇ ಇರಲಿಲ್ಲ ಅಂತ ಓದಿದೆ. ಯಾವುದನ್ನು ನಂಬಬೇಕು? ಕಥೆಗಳಾದರೂ ಆತನವೇ ತಾನೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈಸೋಪ ಅನ್ನುವ ಗುಲಾಮನೊಬ್ಬ ಕ್ರಿ.ಪೂ. 6ನೇ ಶತಮಾನದಲ್ಲಿ ಗ್ರೀಕರ ಸಾಮೊಸ್ ದ್ವೀಪದಲ್ಲಿದ್ದ. ಕಥೆ ಹೇಳುವುದರಲ್ಲಿ ಹೆಸರು ಮಾಡಿದ್ದ. ಡೆಲ್ಫಿ ಅನ್ನುವ ಪುಣ್ಯಕ್ಷೇತ್ರದಲ್ಲಿ ಅವನನ್ನು ಕೊಂದರು. ಇಷ್ಟನ್ನು ನಾನು ನಂಬುತ್ತೇನೆ. ಗೂನುಬೆನ್ನು, ಮೂಗತನ, ಇಥಿಯೋಪಿಯಾ ಎಲ್ಲ ಆಮೇಲೆ ಸೇರಿಕೊಂಡವು. ಆತ ಬರೀ ಕಲ್ಪನೆ ಅನ್ನುವ ವಿದ್ವಾಂಸರೂ ಇದ್ದಾರೆ, ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆದರೂ ನಾನು ‘ಇದ್ದ’ ಅನ್ನುವುದು ಒಂದು ಹಣದ ವ್ಯವಹಾರದ ಮೇಲೆ.

ಆ ವ್ಯವಹಾರದ ಸುದ್ದಿ ಸಿಗುವುದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ ಬರೆದ ಇತಿಹಾಸದಲ್ಲಿ. ಈಸೋಪನ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅದೇ. ಹೆರೊಡೋಟಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 484ರಲ್ಲಿ. ಆತ ಈಸೋಪನ ಚರಿತ್ರೆ ಬರೆಯಲು ಕೂತವನಲ್ಲ. ಈಜಿಪ್ಟಿನ ಪಿರಮಿಡ್ಡುಗಳ ಬಗ್ಗೆ ಬರೆಯುತ್ತಿದ್ದ. ಅಲ್ಲಿನ ಒಂದು ಪಿರಮಿಡ್ಡನ್ನು ರೊಡೋಪಿಸ್ ಅನ್ನುವ ಗಣಿಕೆ ಕಟ್ಟಿಸಿದಳು ಅಂತ ಗ್ರೀಕರಲ್ಲಿ ಒಂದು ಗಾಳಿಮಾತಿತ್ತು. ಅದು ಶುದ್ಧ ಸುಳ್ಳು ಅಂತ ತೋರಿಸಬೇಕಾಗಿತ್ತು. ಅದಕ್ಕೆ ರೊಡೋಪಿಸ್ ಯಾರು ಅಂತ ವಿವರಿಸುತ್ತಾನೆ: ಹುಟ್ಟಿದ್ದು ಗ್ರೀಸಿನ ಉತ್ತರಕ್ಕಿದ್ದ ಥ್ರೇಸ್‌ನಲ್ಲಿ, ಸಾಮೊಸ್‌ನ ಇಯಾಡ್ಮೊನ್ ಎಂಬವನ ಮನೆಯಲ್ಲಿ ಗುಲಾಮಳಾಗಿದ್ದಳು, ಆಮೇಲೆ ಅವಳನ್ನು ಈಜಿಪ್ಟಿಗೆ ಕರೆದುಕೊಂಡು ಹೋದರು, ಕವಯಿತ್ರಿ ಸಾಫೋಳ ಅಣ್ಣನೋ ತಮ್ಮನೋ ಆದ ಖಾರಾಕ್ಸಸ್ ದೊಡ್ಡ ಮೊತ್ತ ಕೊಟ್ಟು ಅವಳನ್ನು ಬಿಡಿಸಿದ. ಈ ನಡುವೆ ಒಂದು ಮಾತು ಬರುತ್ತದೆ. ಅವಳ ಜೊತೆ ಅದೇ ಮನೆಯಲ್ಲಿ ಗುಲಾಮನಾಗಿದ್ದವನು ಕಥೆಗಾರ ಈಸೋಪ.

ಅದಕ್ಕೆ ಹೆರೊಡೋಟಸ್ ಸಾಕ್ಷಿಯನ್ನೂ ಕೊಡುತ್ತಾನೆ. ಈಸೋಪನ ಜೀವಕ್ಕೆ ಪರಿಹಾರ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ಬನ್ನಿ ಅಂತ ಡೆಲ್ಫಿಯವರು ದೈವವಾಣಿಯ ಅಪ್ಪಣೆಯಂತೆ ಮತ್ತೆ ಮತ್ತೆ ಸಾರಿದರು. ಬಂದವನು ಒಬ್ಬನೇ. ಇಯಾಡ್ಮೊನನ ಮೊಮ್ಮಗ. ಅವನ ಹೆಸರೂ ಇಯಾಡ್ಮೊನ್. ಹಾಗಾಗಿ ಈಸೋಪ ಆ ಮನೆಯವನೇ ಅನ್ನುತ್ತಾನೆ ಹೆರೊಡೋಟಸ್. ಅಷ್ಟು ಹೇಳಿ ಮತ್ತೆ ರೊಡೋಪಿಸ್ ಕಡೆ ಹೋಗಿಬಿಡುತ್ತಾನೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸುಳ್ಳು ಕಥೆ ಕಟ್ಟುವವರು ಸಾಮಾನ್ಯವಾಗಿ ನಾಯಕನನ್ನು ದೊಡ್ಡದು ಮಾಡುತ್ತಾರೆ. ಇಲ್ಲಿ ನಾಯಕನೇ ಕಾಣುವುದಿಲ್ಲ. ಆತ ಏನು ಹೇಳಿದ, ಹೇಗಿದ್ದ, ಯಾಕೆ ಸತ್ತ, ಒಂದೂ ಇಲ್ಲ. ಇರುವುದು ಒಂದು ಮನೆತನ, ಒಂದು ಊರು, ಒಂದು ಪಾವತಿ. ಆ ಪರಿಹಾರ ಪಡೆದದ್ದು ಸತ್ತವನ ಮಗನೂ ಅಲ್ಲ, ಅಣ್ಣನೂ ಅಲ್ಲ. ಅವನನ್ನು ಗುಲಾಮನಾಗಿ ಇಟ್ಟುಕೊಂಡಿದ್ದವನ ಮೊಮ್ಮಗ. ಗುಲಾಮನಿಗೆ ಕಾನೂನು ಒಪ್ಪುವಂಥ ಅಪ್ಪ ಇಲ್ಲ, ಮಕ್ಕಳೂ ಇಲ್ಲ. ಅವನ ಮೇಲೆ ಹಕ್ಕಿರುವುದು ಯಜಮಾನನ ಮನೆಗೆ ಮಾತ್ರ. ಲೋಕವೆಲ್ಲ ಕೊಂಡಾಡಿದ ಕಥೆಗಾರನ ಜೀವದ ಬೆಲೆ ಕೊನೆಗೆ ಯಜಮಾನನ ವಂಶಕ್ಕೆ ಹೋಯಿತು. ಇಂಥ ಕಹಿ ವಿವರವನ್ನು ಹೊಗಳುಭಟ್ಟರು ಹುಟ್ಟಿಸುವುದಿಲ್ಲ.

ಕಾಲದ ಲೆಕ್ಕವೂ ಕೂಡಿಬರುತ್ತದೆ. ರೊಡೋಪಿಸ್ ಇದ್ದದ್ದು ಅಮಾಸಿಸ್ ಈಜಿಪ್ಟಿನ ದೊರೆಯಾಗಿದ್ದಾಗ ಅನ್ನುತ್ತಾನೆ ಹೆರೊಡೋಟಸ್. ಅಂದರೆ ಕ್ರಿ.ಪೂ. 570ರಿಂದ 526ರ ನಡುವೆ. ಅಲ್ಲಿಂದ ಮೊಮ್ಮಗನ ಕಾಲಕ್ಕೆ ಬಂದರೆ ಸುಮಾರು ಕ್ರಿ.ಪೂ. 500ರ ಆಸುಪಾಸು. ಆ ಪರಿಹಾರ ಕೊಟ್ಟಿದ್ದನ್ನು ಕಣ್ಣಾರೆ ಕಂಡ ಮುದುಕರು ಹೆರೊಡೋಟಸ್‌ನ ಬಾಲ್ಯದಲ್ಲಿ ಇನ್ನೂ ಬದುಕಿದ್ದಿರಬಹುದು. ಜೊತೆಗೆ ಸಾಮೊಸ್ ಅವನಿಗೆ ಚೆನ್ನಾಗಿ ಗೊತ್ತಿದ್ದ ಊರು. ಅಲ್ಲಿನ ಬೆಟ್ಟ ಕೊರೆದು ನೀರು ತಂದ ಸುರಂಗ, ಬಂದರಿನ ಕಟ್ಟೆ, ಹೇರಾ ದೇವಿಯ ಗುಡಿ, ಮೂರನ್ನೂ ಬಾಯ್ತುಂಬ ವರ್ಣಿಸಿದ್ದಾನೆ. ಊರಿನ ಹಳೇ ಮನೆತನಗಳ ಸುದ್ದಿ ಅವನ ಕಿವಿಗೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಡೆಲ್ಫಿಯಲ್ಲಿ ಯಾಕೆ ಕೊಂದರು? ಹೆರೊಡೋಟಸ್ ಕಾರಣ ಹೇಳಿಲ್ಲ. ಓದುಗರಿಗೆ ಅದು ಗೊತ್ತೇ ಇತ್ತು ಅಂತ ಕಾಣುತ್ತದೆ. ಅವನ ಕಾಲದ ನಾಟಕಕಾರ ಅರಿಸ್ಟೋಫನೀಸ್ ಕ್ರಿ.ಪೂ. 422ರ ಒಂದು ನಾಟಕದಲ್ಲಿ ಅದನ್ನು ಅರ್ಧ ಮಾತಿನಲ್ಲಿ ಆಡಿಸುತ್ತಾನೆ: ದೇವರ ಬಟ್ಟಲು ಕದ್ದ ಅಂತ ಡೆಲ್ಫಿಯವರು ಈಸೋಪನ ಮೇಲೆ ಆರೋಪ ಹೊರಿಸಿದರು. ಡೆಲ್ಫಿ ಅಂದರೆ ಅಪೊಲೊ ದೇವರ ದೊಡ್ಡ ಕ್ಷೇತ್ರ. ಅಲ್ಲಿ ಕಳವು ಮಾಡಿದರೆ ಮರಣದಂಡನೆ.

ಮುಂದಿನ ಶತಮಾನಗಳಲ್ಲಿ ಇದಕ್ಕೆ ಹಿನ್ನೆಲೆ ಬೆಳೆಯಿತು. ಗ್ರೀಕ್ ಲೇಖಕ ಪ್ಲೂಟಾರ್ಕ್ ಕೆಲವು ಕಾಲ ಡೆಲ್ಫಿಯಲ್ಲೇ ಅರ್ಚಕನಾಗಿದ್ದವನು. ಈಸೋಪ ಸತ್ತು ಆರು ಶತಮಾನ ಕಳೆದ ಮೇಲೆ ಬರೆಯುತ್ತಿದ್ದಾನೆ. ಅವನ ಪ್ರಕಾರ (ಈಗಿನ ಟರ್ಕಿಯಲ್ಲಿದ್ದ) ಲಿಡಿಯಾದ ದೊರೆ ಕ್ರೀಸಸ್ ಚಿನ್ನ ಕೊಟ್ಟು ಈಸೋಪನನ್ನು ಡೆಲ್ಫಿಗೆ ಕಳಿಸಿದ. ಪೂಜೆ ಮಾಡಿಸಿ ಊರಿನ ಪ್ರತಿಯೊಬ್ಬನಿಗೂ ನಾಲ್ಕು ಮಿನಾ (ಆಗಿನ ಹಣದ ಅಳತೆ) ಹಂಚಬೇಕಿತ್ತು. ಅಲ್ಲಿ ಏನೋ ಜಗಳವಾಯಿತು. ಈಸೋಪ ಪೂಜೆ ಮುಗಿಸಿ, ಇವರಿಗೆ ಹಣ ಪಡೆಯುವ ಯೋಗ್ಯತೆ ಇಲ್ಲ ಅಂತ ಉಳಿದದ್ದನ್ನು ವಾಪಸ್ ಕಳಿಸಿಬಿಟ್ಟ. ಅವರು ಗುಡಿಯ ಕಳ್ಳತನದ ಆರೋಪ ಹೊರಿಸಿ ಹ್ಯಾಂಪಿಯಾ ಅನ್ನುವ ಬಂಡೆಯಿಂದ ತಳ್ಳಿದರು. ಆಮೇಲೆ ಊರಿಗೆ ಬರ, ರೋಗ ಬಂತು. ಪರಿಹಾರ ಕೊಟ್ಟ ಮೇಲೆ ನಿಂತಿತು.

ಕೇಳಲು ಚೆನ್ನಾಗಿದೆ. ಆದರೆ ಒಂದು ತೊಡಕಿದೆ. ಹಳೆಯ ಕಾಲಗಣನೆಯಲ್ಲಿ ಈಸೋಪ ಸತ್ತದ್ದು ಕ್ರಿ.ಪೂ. 564ರ ಹೊತ್ತಿಗೆ. ಕ್ರೀಸಸ್ ಪಟ್ಟಕ್ಕೆ ಬಂದದ್ದು ಸುಮಾರು 560ರಲ್ಲಿ ಅನ್ನುವುದು ಸಾಮಾನ್ಯ ಲೆಕ್ಕ. ಸತ್ತವನನ್ನು ದೊರೆ ಎಲ್ಲಿಂದ ಕಳಿಸಿದ? ಒಂದೋ ಇಸವಿ ತಪ್ಪು, ಇಲ್ಲವೋ ಕ್ರೀಸಸ್ ಪ್ರಸಂಗ ಆಮೇಲಿನ ಸೇರ್ಪಡೆ. ಕ್ರೀಸಸ್ ಆಗಿನ ಕಾಲದ ಅತಿ ದೊಡ್ಡ ಶ್ರೀಮಂತ. ಅಥೆನ್ಸಿನ ಸೊಲೊನ್‌ನಿಂದ ಹಿಡಿದು ಹೆಸರಾದ ಬುದ್ಧಿವಂತರನ್ನೆಲ್ಲ ಗ್ರೀಕರು ಅವನ ಆಸ್ಥಾನಕ್ಕೆ ಕರೆತಂದು ಕೂರಿಸಿದ್ದಾರೆ. ಈಸೋಪನನ್ನೂ ಹಾಗೇ ಕೂರಿಸಿದರು ಅಂತ ನನ್ನ ಅಂದಾಜು.

ನನಗೆ ಹೆಚ್ಚು ಹಿಡಿಸುವ ಕಾರಣ ಬೇರೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಕಸದ ದಿಬ್ಬಗಳಲ್ಲಿ ಸಾವಿರಾರು ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ) ತುಣುಕುಗಳು ಸಿಕ್ಕಿವೆ. ಅವುಗಳಲ್ಲಿ ಒಂದರಲ್ಲಿ ಈಸೋಪನ ಪ್ರಸಂಗವಿದೆ. ಡೆಲ್ಫಿಗೆ ಯಾರಾದರೂ ಬಲಿ ಕೊಡಲು ಬಂದರೆ ಊರವರೆಲ್ಲ ಚೂರಿ ಹಿಡಿದು ಬಲಿಪೀಠದ ಸುತ್ತ ನಿಲ್ಲುತ್ತಿದ್ದರಂತೆ. ಪೂಜಾರಿ ಪ್ರಾಣಿಯನ್ನು ಕಡಿದದ್ದೇ ತಡ, ಕೈಗೆ ಸಿಕ್ಕಷ್ಟು ಮಾಂಸ ಕೊಯ್ದುಕೊಂಡು ಹೊರಟುಬಿಡುತ್ತಿದ್ದರು. ಬಲಿ ಕೊಟ್ಟವನಿಗೇ ಎಷ್ಟೋ ಸಲ ಏನೂ ಉಳಿಯುತ್ತಿರಲಿಲ್ಲ. ಈಸೋಪ ಇದನ್ನು ಆಡಿಕೊಂಡ. ಅವರಿಗೆ ಸಿಟ್ಟು ಬಂತು. ಕ್ಷೇತ್ರದ ಊರು ಯಾತ್ರಿಕರ ದುಡ್ಡಿನಲ್ಲೇ ಬದುಕಬೇಕು. ಅದನ್ನು ಮುಖದ ಮೇಲೆ ಹೇಳಿದವನನ್ನು ಸಹಿಸುವುದು ಕಷ್ಟ ಅಲ್ವಾ? ಇದು ನಡೆದೇ ನಡೆಯಿತು ಅನ್ನಲು ಆಧಾರ ಸಾಲದು. ಆದರೆ ಚಿನ್ನ ಹೊತ್ತ ರಾಯಭಾರಿಗಿಂತ ಈ ಬಾಯಿಬಡುಕ ಯಾತ್ರಿಕ ಜಾಸ್ತಿ ನಂಬುವಂತಿದ್ದಾನೆ.

ಹುಟ್ಟೂರಿನ ವಿಷಯಕ್ಕೆ ಬರೋಣ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಅರಿಸ್ಟಾಟಲ್‌ನ ಹೆಸರಿನಲ್ಲಿ ಬಂದ ಹಳೆಯ ಮಾಹಿತಿ ಥ್ರೇಸ್ ಅನ್ನುತ್ತದೆ. ಕವಿ ಕಲಿಮಾಕಸ್ ಲಿಡಿಯಾದ ರಾಜಧಾನಿ ಸಾರ್ಡಿಸ್ ಅನ್ನುತ್ತಾನೆ. ರೋಮನ್ನರ ಕಾಲದ ಕವಿ ಫೇಡ್ರಸ್ ಲಿಡಿಯಾದ ಪಕ್ಕದ ಫ್ರಿಜಿಯಾ ಅನ್ನುತ್ತಾನೆ. ಇವುಗಳಲ್ಲಿ ಥ್ರೇಸ್ ಸ್ವಲ್ಪ ಗಟ್ಟಿ. ಆದರೆ ಗ್ರೀಕರ ಗುಲಾಮರಲ್ಲಿ ಥ್ರೇಸ್‌ನವರು, ಫ್ರಿಜಿಯಾದವರು ಬಹಳ. ನಾಟಕಗಳಲ್ಲಿ ಗುಲಾಮ ಅಂದಕೂಡಲೇ ಈ ಎರಡು ದೇಶಗಳ ಹೆಸರೇ ಬರುತ್ತಿತ್ತು. ಗುಲಾಮ ಅಂದ ಮೇಲೆ ಅಲ್ಲಿಯವನೇ ಇರಬೇಕು ಅಂತ ಊಹಿಸಿ ಬರೆದಿರುವ ಸಾಧ್ಯತೆಯೂ ಇದೆ. ಇಥಿಯೋಪಿಯಾ ಮಾತ್ರ ತೀರಾ ಈಚಿನದು. 13ನೇ ಶತಮಾನದ ಬೈಜಾಂಟಿಯಂನ ಸನ್ಯಾಸಿ ಪ್ಲನೂಡಿಸ್‌ನ ಹೆಸರಿನಲ್ಲಿ ಪ್ರಚಾರವಾದ ಜೀವನಚರಿತ್ರೆಯಿಂದ ಅದು ಹಬ್ಬಿತು. ಎರಡು ಹೆಸರುಗಳ ಉಚ್ಚಾರ ಹತ್ತಿರವಿದೆ ಅನ್ನುವುದೇ ಅದರ ಆಧಾರ. ಅದನ್ನು ಬಿಟ್ಟುಬಿಡಿ.

ರೂಪದ ವಿಷಯವೂ ಹಾಗೇ. ಹೆರೊಡೋಟಸ್, ಅರಿಸ್ಟೋಫನೀಸ್, ಪ್ಲೇಟೊ, ಅರಿಸ್ಟಾಟಲ್, ಯಾರೂ ಆತ ಕುರೂಪಿ ಅಂದಿಲ್ಲ. ವ್ಯಾಟಿಕನ್ ಸಂಗ್ರಹದಲ್ಲಿ ಕ್ರಿ.ಪೂ. 5ನೇ ಶತಮಾನದ ಒಂದು ಬಟ್ಟಲಿದೆ. ದೊಡ್ಡ ತಲೆಯ, ಕಡ್ಡಿ ಮೈಯ ಮನುಷ್ಯನೊಬ್ಬ ನರಿಯ ಮಾತನ್ನು ಗಮನವಿಟ್ಟು ಕೇಳುತ್ತಿರುವ ಚಿತ್ರ. ಅದು ಈಸೋಪನೇ ಅಂತ ಹಲವರು ಹೇಳುತ್ತಾರೆ. ಚಿತ್ರದಲ್ಲಿ ಹೆಸರು ಬರೆದಿಲ್ಲ. ಆದರೂ ನರಿ ಹಾಗೆ ಕೂತು ಕೈಯಾಡಿಸುತ್ತ ಮಾತಾಡುವುದು ಇನ್ಯಾರ ಮುಂದೆ!

ಹಾಗಾದರೆ ಗೂನು, ಡೊಳ್ಳುಹೊಟ್ಟೆ, ಮೂಗತನ ಎಲ್ಲಿಂದ ಬಂದವು? ‘ಈಸೋಪನ ಜೀವನ’ ಅನ್ನುವ ಗ್ರೀಕ್ ಕಥನದಿಂದ. ಅದು ಈಗಿರುವ ರೂಪ ಪಡೆದದ್ದು ಕ್ರಿ.ಶ. 1-2ನೇ ಶತಮಾನದಲ್ಲಿ. ಈಸೋಪ ಸತ್ತು ಆರು ನೂರು ವರ್ಷಕ್ಕೂ ಮೇಲೆ. ಬರೆದವನ ಹೆಸರಿಲ್ಲ. ಅದರ ಅತಿ ಹಳೆಯ ಪಾಠ ಇಟಲಿಯ ಒಂದು ಮಠದಲ್ಲಿತ್ತು, ಅಲ್ಲಿಂದ ಕಾಣೆಯಾಗಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯ ಸೇರಿತ್ತು. 1952ರಲ್ಲಿ ಅಮೆರಿಕದ ವಿದ್ವಾಂಸ ಬೆನ್ ಎಡ್ವಿನ್ ಪೆರಿ ಅದನ್ನು ಅಚ್ಚು ಮಾಡಿಸಿದರು.

ಇದನ್ನು ಚರಿತ್ರೆ ಅಂತ ಓದಿದರೆ ಮೋಸ ಹೋಗುತ್ತೀರಿ. ಕಾದಂಬರಿ ಅಂತ ಓದಿದರೆ ಬಿಡಲಾರಿರಿ. ಶುರುವಿನಲ್ಲಿ ಈಸೋಪ ಮೂಗ, ಹೊಲದ ಆಳು. ಯಜಮಾನನಿಗೆ ಅಂತ ತೆಗೆದಿಟ್ಟ ಅಂಜೂರವನ್ನು ಬೇರೆ ಇಬ್ಬರು ಗುಲಾಮರು ತಿಂದು ಇವನ ತಲೆಗೆ ಕಟ್ಟುತ್ತಾರೆ. ಮೂಗನಿಗೆ ಹೇಳಿಕೊಳ್ಳಲು ಬಾಯಿಲ್ಲ. ಆತ ಬೆಚ್ಚಗಿನ ನೀರು ತರಿಸಿ ಕುಡಿದು ಗಂಟಲಿಗೆ ಬೆರಳು ಹಾಕುತ್ತಾನೆ. ಬರೀ ನೀರು ಬರುತ್ತದೆ. ಅವರಿಬ್ಬರೂ ಹಾಗೇ ಮಾಡಲಿ ಅಂತ ಸನ್ನೆ ಮಾಡುತ್ತಾನೆ. ಮಾಡಿದಾಗ ಅಂಜೂರ ಹೊರಬೀಳುತ್ತದೆ. ಮುಂದೆ ದಾರಿ ತಪ್ಪಿದ ಐಸಿಸ್ ದೇವಿಯ ಪೂಜಾರಿಣಿಯೊಬ್ಬಳಿಗೆ ಉಪಕಾರ ಮಾಡುತ್ತಾನೆ. ದೇವಿ ಅವನಿಗೆ ಮಾತು ಕೊಡುತ್ತಾಳೆ. ಮಾತು ಬಂದ ಗುಲಾಮ ಅಪಾಯ ಅಂತ ಮೇಲ್ವಿಚಾರಕ ಅವನನ್ನು ಮಾರಿಸಿಬಿಡುತ್ತಾನೆ! ಮೂಗನಾಗಿರುವವರೆಗೆ ಯಾರಿಗೂ ತೊಂದರೆ ಇರಲಿಲ್ಲ.

ಮಾರಾಟದ ದೃಶ್ಯ ಇನ್ನೂ ಚೂಪಾಗಿದೆ. ಸಾಮೊಸ್‌ನ ಸಂತೆಯಲ್ಲಿ ಮೂವರು ಗುಲಾಮರನ್ನು ನಿಲ್ಲಿಸಿದ್ದಾರೆ. ಕೊಳ್ಳಲು ಬಂದವನು ಕ್ಸಾಂಥಸ್ ಅನ್ನುವ ತತ್ವಜ್ಞಾನಿ. ‘ನಿನಗೆ ಏನು ಬರುತ್ತದೆ’ ಅಂತ ಕೇಳಿದರೆ ಮೊದಲ ಇಬ್ಬರೂ ‘ಎಲ್ಲಾ ಬರುತ್ತದೆ’ ಅನ್ನುತ್ತಾರೆ. ಈಸೋಪ ‘ಏನೂ ಬರಲ್ಲ’ ಅನ್ನುತ್ತಾನೆ. ಯಾಕೆ ಅಂದರೆ ಎಲ್ಲವನ್ನೂ ಇವರಿಬ್ಬರೇ ತೆಗೆದುಕೊಂಡರಲ್ಲ, ನನಗೇನು ಉಳಿಯಿತು! ಅಲ್ಲಿಂದ ಆ ತತ್ವಜ್ಞಾನಿಯ ಮಾನ ದಿನಾ ಹೋಗುತ್ತದೆ. ಶಿಷ್ಯರಿಗೆ ಪಾಠ ಹೇಳುವವನು ಅವನು, ಉತ್ತರ ಹೊಳೆಯುವುದು ಗುಲಾಮನಿಗೆ.

ಈ ಕಥನದಲ್ಲಿ ಡೆಲ್ಫಿಗಿಂತ ಸ್ವಲ್ಪ ಮುಂಚೆ ಬರುವ ಭಾಗ ಪೂರ್ತಿ ಎರವಲು. ಈಸೋಪ ಬಾಬಿಲೋನಿನ ದೊರೆಯ ಮಂತ್ರಿಯಾಗುತ್ತಾನೆ, ಸಾಕುಮಗ ಮೋಸ ಮಾಡುತ್ತಾನೆ, ಈಜಿಪ್ಟಿನ ದೊರೆಯ ಒಗಟು ಬಿಡಿಸುತ್ತಾನೆ. ಇದೆಲ್ಲ ಅಸಿರಿಯಾದ ಮಂತ್ರಿ ಅಹಿಕಾರ್‌ನ ಕಥೆ. ಅದರ ಅರಮೈಕ್ ಭಾಷೆಯ ಪ್ರತಿ ನೈಲ್ ನದಿಯ ಎಲಿಫ್ಯಾಂಟೈನ್ ದ್ವೀಪದಲ್ಲಿ ಸಿಕ್ಕಿದೆ, ಕ್ರಿ.ಪೂ. 5ನೇ ಶತಮಾನದ್ದು. ಹೆಸರು ಬದಲಾಯಿಸಿ ಈಸೋಪನಿಗೆ ತೊಡಿಸಿದ್ದಾರೆ, ಅಷ್ಟೇ. ಕ್ಸಾಂಥಸ್ ಕೂಡ ಹೀಗೇ ಬಂದಿರಬಹುದು. ಹೆರೊಡೋಟಸ್‌ನಲ್ಲಿ ರೊಡೋಪಿಸ್‌ಳನ್ನು ಈಜಿಪ್ಟಿಗೆ ಕರೆದೊಯ್ದ ಸಾಮೊಸ್‌ನವನ ಹೆಸರು ಕ್ಸಾಂಥಿಸ್.

ಆದರೂ ಈ ಕಥನವನ್ನು ನಾನು ಬಿಸಾಡುವುದಿಲ್ಲ. ಬರೆದವನಿಗೆ ಈಸೋಪ ಗೊತ್ತಿರಲಿಲ್ಲ, ಗುಲಾಮಗಿರಿ ಗೊತ್ತಿತ್ತು. ಹೊಡೆತದ ಭಯ, ಯಜಮಾನನ ಮಾತನ್ನು ಅಕ್ಷರಶಃ ಪಾಲಿಸಿ ಅವನನ್ನೇ ಸಿಕ್ಕಿಸುವ ಜಾಣತನ, ಬಿಡುಗಡೆ ಮಾಡುತ್ತೇನೆ ಅಂತ ಮಾತು ಕೊಟ್ಟು ಯಜಮಾನ ತಪ್ಪಿಸಿಕೊಳ್ಳುವುದು, ಎಲ್ಲ ಇದೆ. ಡೆಲ್ಫಿಯ ಭಾಗದಲ್ಲಂತೂ ಈಸೋಪ ಆ ಊರವರಿಗೆ ಒಂದು ಲೆಕ್ಕ ಹೇಳುತ್ತಾನೆ. ಹಿಂದೆ ಗ್ರೀಕರು ಊರು ಗೆದ್ದಾಗ ಕೊಳ್ಳೆಯ ಹತ್ತರಲ್ಲೊಂದು ಪಾಲನ್ನು ಅಪೊಲೊಗೆ ಕಳಿಸುತ್ತಿದ್ದರು. ನೂರು ಎತ್ತಿಗೆ ಹತ್ತು ಎತ್ತು. ನೂರು ಆಡಿಗೆ ಹತ್ತು ಆಡು. ಹಾಗೇ ಗಂಡಸರಲ್ಲಿ, ಹೆಂಗಸರಲ್ಲಿ. ಆ ಸೆರೆಯಾಳುಗಳ ಮಕ್ಕಳೇ ನೀವು. ಗುಲಾಮನಾಗಿದ್ದವನು ಪುಣ್ಯಕ್ಷೇತ್ರದವರನ್ನು ಗುಲಾಮರ ಸಂತಾನ ಅಂತ ಕರೆದ ಮೇಲೆ ಅವನ ಗಂಟಿನಲ್ಲಿ ಚಿನ್ನದ ಬಟ್ಟಲು ಇಟ್ಟು ಹಿಡಿದರು ಅನ್ನುತ್ತದೆ ಈ ಕಥನ. ನಡೆದದ್ದಲ್ಲದಿರಬಹುದು. ಆದರೆ ಎಲ್ಲಿ ನೋಯುತ್ತದೆ ಅಂತ ಬರೆದವನಿಗೆ ಗೊತ್ತಿತ್ತು.

ಆತ ಕೊನೆಗೆ ಬಿಡುಗಡೆಯಾದನೇ? ಇಲ್ಲೊಂದು ಸ್ವಾರಸ್ಯವಿದೆ. ಸಾಮೊಸ್‌ನಲ್ಲಿ ಒಬ್ಬ ಪುಢಾರಿಯ ಮೇಲೆ ಪ್ರಾಣಕ್ಕೆ ಬರುವ ಮೊಕದ್ದಮೆ ನಡೆಯುತ್ತಿದ್ದಾಗ ಈಸೋಪ ಸಾರ್ವಜನಿಕವಾಗಿ ಮಾತಾಡಿದ ಅಂತ ಅರಿಸ್ಟಾಟಲ್ ಬರೆಯುತ್ತಾನೆ. ನದಿ ದಾಟುವಾಗ ನರಿ ಕೊರಕಲಿಗೆ ಬಿದ್ದು ಸಿಕ್ಕಿಕೊಂಡಿತು. ಮೈತುಂಬ ರಕ್ತ ಹೀರುವ ಉಣ್ಣೆ ಹುಳುಗಳು ಹತ್ತಿದವು. ಮುಳ್ಳುಹಂದಿ ಬಂದು ಕಿತ್ತು ಹಾಕಲಾ ಅಂತ ಕೇಳಿತು. ನರಿ ಬೇಡ ಅಂತು. ‘ಇವುಗಳ ಹೊಟ್ಟೆ ತುಂಬಿದೆ, ಇನ್ನು ಜಾಸ್ತಿ ಕುಡಿಯಲ್ಲ. ಇವನ್ನು ತೆಗೆದರೆ ಹಸಿದವು ಬಂದು ಉಳಿದ ರಕ್ತವನ್ನೂ ಹೀರುತ್ತವೆ.’ ಹಾಗೇ ಸಾಮೊಸ್‌ನವರೇ, ಇವನು ಈಗಾಗಲೇ ಶ್ರೀಮಂತ. ಇವನನ್ನು ಕೊಂದರೆ ಬಡವರು ಬಂದು ಬೊಕ್ಕಸ ಬರಿದು ಮಾಡುತ್ತಾರೆ. ನಮ್ಮ ಚುನಾವಣೆಯ ಕಾಲಕ್ಕೂ ಈ ಮಾತು ಹೊಂದುತ್ತದೆ, ಆದರೆ ಅದನ್ನು ಮಗಳ ಪ್ರಬಂಧದಲ್ಲಿ ಸೇರಿಸಬೇಡಿ. ಗುಲಾಮ ಹೀಗೆ ಊರ ಸಭೆಯಲ್ಲಿ ಎದ್ದು ನಿಂತು ವಾದ ಮಾಡುವುದು ಆಗದ ಮಾತು. ಹಾಗಾಗಿ ಅಷ್ಟು ಹೊತ್ತಿಗೆ ಆತನಿಗೆ ಬಿಡುಗಡೆಯಾಗಿತ್ತು ಅಂತ ಹೇಳುವವರಿದ್ದರು. ಬಿಡುಗಡೆಯಾಗಿದ್ದರೂ ಸತ್ತ ಮೇಲೆ ಹಣ ಪಡೆದದ್ದು ಹಳೇ ಯಜಮಾನನ ಮನೆಯವರೇ ಅನ್ನುವುದನ್ನು ಮರೆಯಬೇಡಿ.

ಈಗ ಕೊನೆಯ ಪ್ರಶ್ನೆ, ಕಥೆಗಳು ಆತನವೇ? ಬಹುಪಾಲು ಅಲ್ಲ. ಆತ ಏನನ್ನೂ ಬರೆದಿಟ್ಟಂತೆ ಕಾಣುವುದಿಲ್ಲ. ಗ್ರೀಕರಲ್ಲೇ ಆತನಿಗಿಂತ ಮೊದಲು ಇಂಥ ಕಥೆಗಳಿದ್ದವು. ಗಿಡುಗ ಮತ್ತು ಕೋಗಿಲೆಯಂಥ ಹಾಡುಹಕ್ಕಿಯ ಕಥೆಯನ್ನು ಕವಿ ಹೆಸಿಯಡ್ ಸುಮಾರು ಕ್ರಿ.ಪೂ. 700ರಲ್ಲೇ ಹೇಳಿದ್ದ. ಸುಮೇರಿಯಾದ ಮಣ್ಣಿನ ಹಲಗೆಗಳಲ್ಲಿ ಇನ್ನೂ ಹಳೆಯ ಪ್ರಾಣಿಕಥೆಗಳಿವೆ. ಸಿಂಹದ ಚರ್ಮ ಹೊದ್ದ ಕತ್ತೆ ಈಸೋಪನ ಹೆಸರಿನಲ್ಲೂ ಇದೆ, ನಮ್ಮ ಜಾತಕ ಕಥೆಗಳಲ್ಲೂ ಇದೆ. ಯಾರಿಂದ ಯಾರಿಗೆ ಹೋಯಿತು ಅಂತ ಜಗಳ ಈಗಲೂ ಮುಗಿದಿಲ್ಲ.

ಆತನ ಹೆಸರಿನ ಮೊದಲ ಸಂಗ್ರಹ ಮಾಡಿದವನು ಅಥೆನ್ಸಿನ ಡಿಮಿಟ್ರಿಯಸ್, ಸುಮಾರು ಕ್ರಿ.ಪೂ. 300ರಲ್ಲಿ. ಅದು ಕಳೆದುಹೋಗಿದೆ. ಕೈಗೆ ಸಿಕ್ಕಿರುವ ಹಳೆಯ ಸಂಗ್ರಹ ಫೇಡ್ರಸ್‌ನದು, ಕ್ರಿ.ಶ. 1ನೇ ಶತಮಾನ, ಲ್ಯಾಟಿನ್ ಪದ್ಯ. ಅವನೂ ಬಿಡುಗಡೆಯಾದ ಗುಲಾಮ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಸಾಲದ ಗುಲಾಮ ಅದನ್ನು ಕಥೆಗೆ ತುಂಬಿದ, ಈ ಬಗೆಯ ಕಥೆ ಹುಟ್ಟಿದ್ದೇ ಹೀಗೆ ಅಂತ ಅವನ ವಿವರಣೆ. ಅವನದೇ ಒಂದು ಕಥೆಯಲ್ಲಿ ಶತ್ರುಗಳು ಬರುತ್ತಿದ್ದಾರೆ, ಓಡು ಅಂತ ಮುದುಕ ಕತ್ತೆಗೆ ಹೇಳುತ್ತಾನೆ. ‘ಅವರು ನನ್ನ ಬೆನ್ನಿನ ಮೇಲೆ ಎರಡೆರಡು ಹೊರೆ ಹೇರುತ್ತಾರಾ’ ಅಂತ ಕತ್ತೆ ಕೇಳುತ್ತದೆ. ಇಲ್ಲ ಅಂದಾಗ, ‘ಹಾಗಾದರೆ ಯಾರಿಗೆ ದುಡಿದರೆ ನನಗೇನು’ ಅನ್ನುತ್ತದೆ. ಪೆರಿಯವರು ಇಂಥ ಎಲ್ಲ ಕಥೆಗಳಿಗೆ ಅಂಕೆ ಹಾಕಿದಾಗ 725ರವರೆಗೆ ಹೋಯಿತು. ಒಬ್ಬ ಮನುಷ್ಯನ ಕಥೆಗಳಲ್ಲ ಅವು, ಸಾವಿರ ವರ್ಷಕ್ಕೂ ಮೀರಿದ ಗುಡ್ಡೆ.

ಮಗಳ ಪ್ರಬಂಧಕ್ಕೆ ಒಂದೇ ಒಂದು ಕಥೆ ಬೇಕು ಅಂದರೆ ನಾನು ಆರಿಸುವುದು ದ್ರಾಕ್ಷಿಯ ನರಿಯನ್ನಲ್ಲ, ಆಮೆ ಮೊಲವನ್ನೂ ಅಲ್ಲ. ಜೀರುಂಡೆ ಮತ್ತು ಹದ್ದು. ಹದ್ದು ಅಟ್ಟಿಸಿಕೊಂಡು ಬಂದಾಗ ಮೊಲ ಸಗಣಿ ಉರುಳಿಸುವ ಜೀರುಂಡೆಯ ಆಸರೆ ಕೇಳಿತು. ಜೀರುಂಡೆ ಬೇಡಿಕೊಂಡರೂ ಹದ್ದು ಅದನ್ನು ಲೆಕ್ಕಕ್ಕಿಡದೆ ಮೊಲವನ್ನು ತಿಂದಿತು. ಅಂದಿನಿಂದ ಹದ್ದು ಎಲ್ಲಿ ಮೊಟ್ಟೆ ಇಟ್ಟರೂ ಜೀರುಂಡೆ ಹಾರಿ ಹೋಗಿ ಉರುಳಿಸಿ ಒಡೆಯುತ್ತಿತ್ತು. ಕೊನೆಗೆ ಹದ್ದು ದೇವರಾಜ ಜೂಸ್‌ನ ಮಡಿಲಲ್ಲೇ ಮೊಟ್ಟೆ ಇಟ್ಟಿತು. ಜೀರುಂಡೆ ಸಗಣಿಯ ಉಂಡೆಯೊಂದನ್ನು ತಂದು ಆ ಮಡಿಲಿಗೇ ಹಾಕಿತು. ಜೂಸ್ ಕೊಡವಿಕೊಳ್ಳಲು ಎದ್ದ, ಮೊಟ್ಟೆಗಳು ಬಿದ್ದವು. ಅರಿಸ್ಟೋಫನೀಸ್‌ನ ನಾಟಕದಲ್ಲಿ ಬಟ್ಟಲಿನ ಆರೋಪ ಬಂದಾಗ ಈಸೋಪ ಡೆಲ್ಫಿಯವರಿಗೆ ಹೇಳಿದ್ದು ಇದೇ ಕಥೆ. ಅದನ್ನು ವೇದಿಕೆಯ ಮೇಲೆ ಹೇಳಲು ಶುರು ಮಾಡುವ ಮುದುಕನನ್ನು ಮಗ ಬೈದು ಎತ್ತಿಕೊಂಡು ಒಳಗೆ ಹೋಗುತ್ತಾನೆ, ಕಥೆ ಮುಗಿಯುವುದೇ ಇಲ್ಲ. ಪೂರ್ತಿ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಕ್ರಿ.ಪೂ. 422ರ ಪ್ರೇಕ್ಷಕರಿಗೆ ಈಸೋಪನೂ ಗೊತ್ತು, ಜೀರುಂಡೆಯೂ ಗೊತ್ತು, ಡೆಲ್ಫಿಯಲ್ಲಿ ಏನಾಯಿತು ಅಂತಲೂ ಗೊತ್ತು.